ಫಿಲ್ಮ್ ತೊಳೆಯುವ ಕೈ

"ಕ್ಯಾಮೆರಾ ತಗೊಂಡು ಹೋಗು, ಬೇಡ ಅನ್ನುವುದಿಲ್ಲ. ಅಜ್ಜ ನಿನ್ನ ಹೆಸರು ಹೇಳಿಯೇ ಇಟ್ಟದ್ದು ಅದನ್ನು. ಆದ್ರೆ ಫಿಲ್ಮ್ ಮಾತ್ರ ಹಾಕ್ಬೇಡ ಫರ್ಹಾನ," ಎಂದರು ಅಜ್ಜನ ಮಗಳು ಶಹರ್ಬಾನು ಮಾಮಿ.

ಫರ್ಹಾನ ನಕ್ಕುಬಿಟ್ಟಳು. ಫಿಲ್ಮ್ ಹಾಕದ ಕ್ಯಾಮೆರಾ ಇಟ್ಟುಕೊಂಡು ಮಾಡುವುದೇನು, ದಿನಾ ಧೂಳು ಒರೆಸುತ್ತ ಕೂರುವುದೇ? ಶಾರ್ಜಾದಲ್ಲಿ ಹುಟ್ಟಿ ಬೆಳೆದು, ಹೋದ ವರ್ಷವಷ್ಟೇ ಬಿ.ಸಿ.ರೋಡಿಗೆ ಬಂದು ಬಾಡಿಗೆ ಮನೆ ಹಿಡಿದವಳು ಅವಳು. ಬ್ಯಾರಿಗಳ ಮದುವೆ ಹಾಲಿನಲ್ಲಿ ಹೆಂಗಸರ ಕಡೆಗೆ ಗಂಡಸು ಫೋಟೋಗ್ರಾಫರು ಕಾಲಿಡುವಂತಿಲ್ಲ. ಅಲ್ಲಿ ಇವಳದೇ ರಾಜ್ಯ. ಕಲ್ಲಡ್ಕದಿಂದ ಬೆಳ್ತಂಗಡಿಯವರೆಗೆ ಮದುಮಗಳ ಫೋಟೋಗೆ ಫರ್ಹಾನಳನ್ನೇ ಕರೆಯಬೇಕು ಅನ್ನುವಷ್ಟು ಹೆಸರಾಗಿತ್ತು. ಅಂಥ ಮೊಮ್ಮಗಳಿಗೆ, ಬಂಟ್ವಾಳ ಪೇಟೆಯಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿದ ಅಜ್ಜ ಮಹಮ್ಮದ್ ಕುಂಞಿ, ಎಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಮೊದಲು ತನ್ನ ಹಳೆಯ ಕ್ಯಾಮೆರಾ ಬಿಟ್ಟುಹೋಗಿದ್ದರು. ಒಂದರ ಮೇಲೊಂದು ಎರಡು ಲೆನ್ಸಿನ, ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಪೆಟ್ಟಿಗೆ. ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನ ಕಣ್ಣು ತೆಗೆಯುವುದಕ್ಕೆ.

"ಹಾಕಿದ್ರೆ ಎಂತ ಆಗ್ತದೆ ಮಾಮಿ?"

ಮಾಮಿ ಎದ್ದು ಹೋಗಿ ಹೊರಬಾಗಿಲು ಮುಚ್ಚಿ ಬಂದರು. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ. ಆದರೂ ಮುಚ್ಚಿದರು.

"ತೊಳೆದವರ ಕಣ್ಣು ಹೋಗ್ತದೆ. ನನ್ನ ಉಮ್ಮನದ್ದು, ನಿನ್ನ ಉಮ್ಮಮ್ಮನದ್ದು, ಹೋದದ್ದು ಹಾಗೆಯೇ."

ಆಮೇಲೆ ಮಾಮಿ ಬಿಟ್ಟು ಬಿಟ್ಟು ಹೇಳಿದ್ದು ಇಷ್ಟು. ನಲವತ್ತು ವರ್ಷದ ಹಿಂದೆ ಬೆಳ್ತಂಗಡಿ ಕಡೆಯ ಒಬ್ಬ, ತನ್ನ ಸತ್ತ ಅಣ್ಣನ ಹೆಂಡತಿಗೆ ಮಾಟ ಮಾಡಿಸಲು ಹೊರಟ. ಜಾಗದ ತಕರಾರು, ಬೇರೇನಿರುತ್ತದೆ. ಮಾಟ ಮಾಡುವ ಕೂಸಪ್ಪ ಕೇಳಿದ್ದು ಅವಳ ಒಂದು ಫೋಟೋ. ಕೂದಲು ಬಿಚ್ಚಿರಬೇಕು. ತೆಗೆಯುವುದು ಅವಳಿಗೆ ತಿಳಿಯಬಾರದು. ಫಿಲ್ಮ್ ತೊಳೆಯುವ ನೀರಿಗೆ ಅವನು ಕೊಟ್ಟ ಮಸಿ ಬೆರೆಸಬೇಕು. ಆ ಹೆಂಗಸು ಯಾವುದೋ ಅರ್ಜಿಗೆ ಅಂಟಿಸಲು ಫೋಟೋ ಬೇಕೆಂದು ಅಜ್ಜನ ಸ್ಟುಡಿಯೋಗೇ ಬಂದಳು. ಕನ್ನಡಿಯ ಮುಂದೆ ತುರುಬು ಬಿಚ್ಚಿ ಮತ್ತೆ ಕಟ್ಟಿಕೊಳ್ಳುವ ಹೊತ್ತಿಗೆ, ಹೊಟ್ಟೆಯ ಹತ್ತಿರ ಹಿಡಿದಿದ್ದ ಕ್ಯಾಮೆರಾದ ಗುಂಡಿಯನ್ನು ಅಜ್ಜ ಒತ್ತಿದರು. ಆ ಮೈದುನ ಮೊದಲೇ ಬಂದು ಹೇಳಿಹೋಗಿದ್ದ, ಯಾಕೆಂದು ಗೊತ್ತಿದ್ದೇ ಒತ್ತಿದರು. ಮಸಿ ಬೆರೆಸಿದ ನೀರಿಗೆ ಮಾತ್ರ ತನ್ನ ಕೈ ಹಾಕಲಿಲ್ಲ. ಹೆಂಡತಿಯನ್ನು ಕರೆದು, ನನಗೆ ಇವತ್ತು ಕೈ ನೋವು, ನೀನು ತೊಳೆ ಅಂದರು.

ಹೆಂಗಸು ಮೂರು ತಿಂಗಳು ಹಾಸಿಗೆ ಹಿಡಿದಳು. ಸಾಯುವ ಮೊದಲು ಒಂದು ದಿನ ತನ್ನನ್ನು ಸ್ಟುಡಿಯೋದ ಬಾಗಿಲಿಗೆ ಹೊತ್ತು ತರಿಸಿಕೊಂಡಳು. "ನನ್ನನ್ನು ಕತ್ತಲೆಯಲ್ಲಿ ತೊಳೆದವರು ಕತ್ತಲೆಯಲ್ಲೇ ಇರಲಿ. ಇನ್ನು ಮುಂದೆ ಈ ಪೆಟ್ಟಿಗೆಯಿಂದ ಬಂದದ್ದನ್ನು ಯಾರು ತೊಳೆದರೂ ಅಷ್ಟೇ," ಎಂದಳು. ಎಂಟು ದಿನದಲ್ಲಿ ಉಮ್ಮಮ್ಮನ ಎರಡೂ ಕಣ್ಣು ಹೋದವು. ಅಜ್ಜ ಸಾಯುವವರೆಗೂ ಕನ್ನಡಕವಿಲ್ಲದೆ ಪೇಪರ್ ಓದುತ್ತಿದ್ದರು.

"ಉಮ್ಮಮ್ಮನಿಗೆ ಶುಗರ್ ಇದ್ದಿರ್ಬೇಕು ಮಾಮಿ. ಆ ಕಾಲದಲ್ಲಿ ಯಾರು ಟೆಸ್ಟ್ ಮಾಡಿಸ್ತಿದ್ರು?"

"ಇರಬಹುದು," ಎಂದರು ಮಾಮಿ. "ನೀನು ಹಾಕ್ಬೇಡ."

ಹಾಕುವುದೋ ಬೇಡವೋ ಅನ್ನುವುದು ಫರ್ಹಾನಳಿಗೆ ಪ್ರಶ್ನೆಯೇ ಆಗಿರಲಿಲ್ಲ. ಯಾವುದನ್ನು ಹಾಕುವುದು ಅನ್ನುವುದಷ್ಟೇ ಪ್ರಶ್ನೆ. ಮರುದಿನವೇ ಮಂಗಳೂರಿಗೆ ಹೋದಳು. ಅಲ್ಲಿ ಒಂದು ಅಂಗಡಿಯವರು ಈಗಲೂ ಫಿಲ್ಮ್ ಇಡುತ್ತಾರೆ, ಫ್ರಿಜ್ಜಿನೊಳಗೆ. ಎರಡು ರೋಲ್ ತೆಗೆದು ಕೌಂಟರಿನ ಮೇಲಿಟ್ಟರು. ಎರಡೂ ನಾನ್ನೂರು ಸ್ಪೀಡಿನವು, ಮೋಡ ಕವಿದ ಬೆಳಕಿಗೂ ಸಾಕಾಗುವಂಥವು. ಎರಡರಲ್ಲೂ ಹನ್ನೆರಡು ಚಿತ್ರ. ಒಂದು ಕಪ್ಪು-ಬಿಳುಪು, ಇನ್ನೊಂದು ಕಲರ್.

ಕಪ್ಪು-ಬಿಳುಪನ್ನು ತೊಳೆಯುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಶಾರ್ಜಾದಲ್ಲಿ ಕೆಲಸ ಕಲಿಯುವಾಗ ಬಾತ್‌ರೂಮಿನಲ್ಲಿ ಎಷ್ಟೋ ರೋಲ್ ತೊಳೆದವಳು. ಕಲರ್ ಹಾಗಲ್ಲ, ಅದಕ್ಕೆ ನೀರಿನ ಬಿಸಿ ಮೂವತ್ತೆಂಟು ಡಿಗ್ರಿಯಲ್ಲೇ ನಿಲ್ಲಬೇಕು, ಔಷಧಿ ಬೇರೆ, ಸಾಮಾನು ಬೇರೆ. ಅದನ್ನು ತೊಳೆಯಲು ತೋಡಾರಿನಲ್ಲಿ ಬ್ರಾಹ್ಮಿ ಇದ್ದಳು. ಒಂದು ಜೈನರ ಮದುವೆಯಲ್ಲಿ ಪರಿಚಯವಾಗಿ ಜೀವದ ಗೆಳತಿಯಾದವಳು. ಕರಾವಳಿಯಲ್ಲಿ ಯಾರೇ ಹುಚ್ಚರು ಫಿಲ್ಮಿನಲ್ಲಿ ಫೋಟೋ ತೆಗೆದರೂ ರೋಲ್ ಹೋಗಿ ಸೇರುವುದು ಅವಳ ಮನೆಗೆ. ತಾಯಿ-ಮಗಳ ಹೊಟ್ಟೆ ಹೊರೆಯುತ್ತಿದ್ದುದೂ ಅದೇ ಕೆಲಸ.

ಫರ್ಹಾನಳ ಕೈ ಕಪ್ಪು-ಬಿಳುಪಿನ ಕಡೆಗೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಮೂಡುಬಿದಿರೆಯ ಪಾಚಿ ಹಿಡಿದ ಕಲ್ಲು, ಮುರಕಲ್ಲಿನ ಕೆಂಪು, ಇದನ್ನೆಲ್ಲ ಬಣ್ಣದಲ್ಲೇ ನೋಡಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಕಲರ್ ತೆಗೆದುಕೊಂಡಳು. ಆ ಗಳಿಗೆಯಲ್ಲಿ ಮಾಮಿಯ ಮಾತು ಮನಸ್ಸಿಗೆ ಬಂದಿರಲೇ ಇಲ್ಲ ಎಂದು ಅವಳು ಆಣೆ ಮಾಡಿ ಹೇಳಲಾರಳು. ಇಷ್ಟು ಓದಿದವಳು ಹೀಗೆ ಮಾಡಬಹುದೇ ಎಂದು ಕೇಳಬೇಡಿ. ಓದಿದವರಿಗೆ ಕಾರಣ ಹುಡುಕಿಕೊಳ್ಳುವುದು ಇನ್ನೂ ಸಲೀಸು.

ಹನ್ನೆರಡು ಚಿತ್ರಗಳನ್ನು ಒಂದೇ ದಿನ ಮುಗಿಸಿದಳು. ಪಾಣೆಮಂಗಳೂರಿನ ಹಳೆಯ ಸೇತುವೆ, ಕಲ್ಲಡ್ಕದ ಹೋಟೆಲಿನ ಚಹಾದ ಗ್ಲಾಸು, ಮಧ್ಯಾಹ್ನದ ಮೇಲೆ ಮೂಡುಬಿದಿರೆಯ ಬಸದಿಯ ಕಂಬಗಳು. ಕೊನೆಯ ಚಿತ್ರಕ್ಕೆ ಬಗ್ಗಿದಾಗ ಪೆಟ್ಟಿಗೆಯ ಒಳಗಿನಿಂದ ಸುಟ್ಟ ಕೂದಲಿನ ವಾಸನೆ ಮೂಗಿಗೆ ಹೊಡೆಯಿತು. ಹಳೆಯ ಚರ್ಮದ ವಾಸನೆ ಇರಬೇಕು ಎಂದುಕೊಂಡಳು. ಗಾಜಿನಲ್ಲಿ ಖಾಲಿ ಕಲ್ಲಿನ ಜಗಲಿ ಕಾಣುತ್ತಿತ್ತು. ಗುಂಡಿ ಒತ್ತಿ, ರೋಲ್ ಸುತ್ತಿ, ಅಲ್ಲಿಂದಲೇ ತೋಡಾರಿಗೆ ಬಸ್ಸು ಹತ್ತಿದಳು.

ಬ್ರಾಹ್ಮಿಯ ತಾಯಿ ಪ್ರಭಾವತಿ ಅಮ್ಮ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು. ಇವಳನ್ನೂ ಹಿಡಿದು ಕೂರಿಸಿ ಬಡಿಸಿದರು. ಊಟವಾದ ಮೇಲೆ ಬ್ರಾಹ್ಮಿ ರೋಲನ್ನು ಕೈಯಲ್ಲಿ ತಿರುಗಿಸಿ ನೋಡಿದಳು.

"ಮಾಮೂಲಿಯಾಗಿ ತೊಳೆಯುವುದಾ? ಎಂತಾದ್ರೂ ನೋಡ್ಕೊಳ್ಬೇಕಾದ್ದು ಉಂಟಾ ಇದ್ರಲ್ಲಿ?"

ಹೇಳಿಬಿಡಲೇ ಎಂದುಕೊಂಡಳು ಫರ್ಹಾನ. ಹೇಳಿದರೆ ಬ್ರಾಹ್ಮಿ ನಗುತ್ತಾಳೆ. ನಕ್ಕು ತೊಳೆಯುತ್ತಾಳೆ. ಅಥವಾ ನಗುವುದಿಲ್ಲ.

"ಎಂತ ಇಲ್ಲ ಮಾರಾಯ್ತಿ. ಮಾಮೂಲಿ," ಎಂದಳು.

ನಾಲ್ಕನೆಯ ದಿನ ಬೆಳಿಗ್ಗೆ ಫೋನ್ ಬಂತು.

"ಫೋಟೋ ಚಂದ ಬಂದಿದೆ," ಎಂದಳು ಬ್ರಾಹ್ಮಿ. ಸ್ವರ ಎಂದಿನ ಹಾಗಿರಲಿಲ್ಲ. "ಕೊನೆಯದ್ರಲ್ಲಿ ಜಗಲಿ ಮೇಲೆ ಕೂತದ್ದು ಯಾರು? ಕೂದಲು ಬಿಟ್ಕೊಂಡು?"

ಫರ್ಹಾನ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಬ್ರಾಹ್ಮಿ ಮುಂದುವರಿಸಿದಳು.

"ಮತ್ತೆ ಇನ್ನೊಂದು. ನಂಗೆ ಎಡಗಣ್ಣು ಸರಿ ಕಾಣುವುದಿಲ್ಲ. ನಿನ್ನೆಯಿಂದ. ಕಪ್ಪು ಬಟ್ಟೆ ಇಳಿಬಿಟ್ಟ ಹಾಗೆ ಉಂಟು. ಡಾಕ್ಟ್ರು ಎಂತ ತೊಂದರೆಯೂ ಇಲ್ಲ ಅಂತಾರೆ."

ಸಿದ್ಧಕಟ್ಟೆಯ ಮೇಲೆ ತೋಡಾರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಫರ್ಹಾನಳ ಗಮನ ಹೊರಗಿನ ಯಾವುದರ ಮೇಲೂ ಇರಲಿಲ್ಲ. ಶುಗರ್ ಇರಬಹುದು, ನರದ ತೊಂದರೆ ಇರಬಹುದು, ಔಷಧಿ ಕಣ್ಣಿಗೆ ಸಿಡಿದಿರಬಹುದು. ಒಂದೊಂದು ಕಾರಣವನ್ನೂ ಹಿಡಿದು ನೋಡಿದಳು, ಯಾವುದೂ ನಿಲ್ಲಲಿಲ್ಲ. ತೋಡಾರಿನಲ್ಲಿ ಬ್ರಾಹ್ಮಿ ನೆಗೆಟಿವ್ ಕೈಗೆ ಕೊಟ್ಟಳು. ಬೆಳಕಿಗೆ ಹಿಡಿದಾಗ ಹನ್ನೆರಡನೆಯ ಚೌಕದಲ್ಲಿ ಖಾಲಿ ಜಗಲಿ ಖಾಲಿಯಿರಲಿಲ್ಲ. ಕೂದಲು ಬಿಚ್ಚಿದ ಹೆಂಗಸೊಬ್ಬಳು ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದಳು. ನೆಗೆಟಿವ್ ಆದ್ದರಿಂದ ಕೂದಲು ಬೆಳ್ಳಗೆ, ಮುಖ ಕಪ್ಪು.

ಪ್ರಭಾವತಿ ಅಮ್ಮ ಮಜ್ಜಿಗೆ ತಂದುಕೊಟ್ಟರು. "ನೀನು ಬಂದದ್ದು ಒಳ್ಳೇದಾಯ್ತು ಮಗಾ. ಇವಳಿಗೆ ಧೈರ್ಯ ಹೇಳು. ಈ ಕಣ್ಣಲ್ಲೇ ಅಲ್ವಾ ನಮ್ಮ ಮನೆ ನಡೆಯುವುದು," ಎಂದರು. ಫರ್ಹಾನ ಲೋಟ ಹಿಡಿದುಕೊಂಡೇ ಕೂತಳು.

ಅವತ್ತೇ ಸಂಜೆ ಮಾಮಿಯ ಮುಂದೆ ಹೋಗಿ ಅತ್ತಳು. ಮಾಮಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬಿಡಿಸುವ ದಾರಿ ಉಂಟು," ಎಂದರು. "ಮಾಟ ಮಾಡಿದ ಕೂಸಪ್ಪನೇ ಮುದುಕನಾದ ಮೇಲೆ ಬಂದು ಹೇಳಿದ್ದು. ಫೋಟೋ ತೆಗೆದ ಕೈಯೇ ಇನ್ನೊಂದು ರೋಲ್ ತೆಗೆದು ತೊಳೀಬೇಕು. ಕಪ್ಪು-ಬಿಳುಪೇ ಆಗ್ಬೇಕು, ಅವಳನ್ನು ತೆಗೆದದ್ದು ಅದ್ರಲ್ಲೇ. ಡಬ್ಬದಲ್ಲಿ ಹಾಕಿ ಅಲ್ಲಾಡಿಸಿದ್ರೆ ಆಗುವುದಿಲ್ಲ. ಆ ಕಾಲದ ಹಾಗೆ ಬರಿಗೈಯಲ್ಲಿ ತೊಳೀಬೇಕು. ಅವಳು ಬರ್ತಾಳೆ. ಯಾರು ತೊಳೆಯುವುದು ಅಂತ ಕೇಳ್ತಾಳೆ. ನಿನ್ನ ಹೆಸರು ಹೇಳು. ಹೇಳಿದ್ರೆ ಆ ಹುಡುಗಿಯನ್ನು ಬಿಡ್ತಾಳೆ."

"ನನ್ನನ್ನು?"

ಮಾಮಿ ಸೆರಗಿನಿಂದ ಮುಖ ಒರೆಸಿಕೊಂಡರು. "ಹೆಸರು ಯಾರದ್ದೋ, ಕತ್ತಲೆ ಅವರದ್ದು. ಅಜ್ಜನಿಗೆ ಇದೆಲ್ಲ ಗೊತ್ತಿತ್ತು ಫರ್ಹಾನ. ಉಮ್ಮ ಗೋಡೆ ಹಿಡ್ಕೊಂಡು ನಡೆಯುವುದನ್ನು ದಿನಾ ನೋಡಿದ್ರು. ಒಂದು ದಿನವೂ ಫಿಲ್ಮ್ ತೊಳೆಯುವ ಕತ್ತಲೆ ಕೋಣೆಯ ಒಳಗೆ ಹೋಗ್ಲಿಲ್ಲ."

ಫರ್ಹಾನ ಹೋಗುವುದೆಂದು ನಿಶ್ಚಯಿಸಿದಳು. ಅಜ್ಜನ ಹಾಗೆ ಆಗಲಾರೆ ಎಂದು ಅವಳಿಗೆ ತನ್ನ ಮೇಲೆ ಪೂರ್ತಿ ನಂಬಿಕೆಯಿತ್ತು. ಮತ್ತೆ ಮಂಗಳೂರಿಗೆ ಹೋಗಿ, ಅದೇ ಕೌಂಟರಿನ ಮುಂದೆ ನಿಂತು, ಈ ಸಲ ಕಪ್ಪು-ಬಿಳುಪು ಕೊಡಿ ಎಂದಳು. ಹೇಳುವಾಗ ಮುಖ ಎತ್ತಲಾಗಲಿಲ್ಲ. ಅಂಗಡಿಯವರಿಗೆ ಏನೂ ಗೊತ್ತಿಲ್ಲ, ಆದರೂ.

ತೋಡಾರಿನ ಅಂಗಳದಲ್ಲಿ ನಿಂತು ಬರಿಯ ಗೋಡೆಯನ್ನೇ ಹನ್ನೆರಡು ಸಲ ತೆಗೆದಳು. ಬ್ರಾಹ್ಮಿಯ ಬಲಗಣ್ಣಿಗೂ ಆಗಲೇ ಮಂಜು ಕವಿಯುತ್ತಿತ್ತು. ಫರ್ಹಾನ ಎಲ್ಲವನ್ನೂ ಹೇಳಿದಳು, ತಾಯಿ-ಮಗಳಿಬ್ಬರಿಗೂ. ಮಾಮಿಯ ಎಚ್ಚರಿಕೆ, ಉಮ್ಮಮ್ಮನ ಕಣ್ಣು, ಈಗ ಮಾಡಬೇಕಾದದ್ದು. ಪ್ರಭಾವತಿ ಅಮ್ಮ ಕೇಳುತ್ತ ಕೇಳುತ್ತ ಮಗಳ ತಲೆ ಸವರಿದರು. ಆಮೇಲೆ ಇವಳ ಕೈ ಹಿಡಿದರು. "ತಪ್ಪು ಮಾಡಿದ್ದಿ ಮಗಾ. ಆದ್ರೆ ಬಂದಿದ್ದೀಯಲ್ಲ. ನಿಂಗೂ ಎಂತ ಆಗ್ಬಾರ್ದು ಅಂತ ಬೇಡ್ಕೊಳ್ತೇನೆ," ಎಂದು ಬಸದಿಗೆ ಹೊರಟುಹೋದರು.

ಬ್ರಾಹ್ಮಿ ಮಾತ್ರ ಒಂದೇ ಒಂದು ಪ್ರಶ್ನೆ ಕೇಳಿದಳು.

"ನಿಂಗೆ ನಂಬಿಕೆ ಇರ್ಲಿಲ್ಲ ಅಂತೀಯಲ್ಲ. ಹಾಗಾದ್ರೆ ಕಪ್ಪು-ಬಿಳುಪು ತಂದು ನೀನೇ ತೊಳೀಬಹುದಿತ್ತು. ನಿಂಗೆ ಬರ್ತದೆ."

ಅದಕ್ಕೆ ಉತ್ತರ ಇಬ್ಬರಿಗೂ ಗೊತ್ತಿತ್ತು.

"ಹೋಗು," ಎಂದಳು ಬ್ರಾಹ್ಮಿ. "ನಾನು ಇಲ್ಲೇ ಬಾಗಿಲ ಹತ್ತಿರ ಕೂತಿರ್ತೇನೆ."

ಬ್ರಾಹ್ಮಿಯ ಡಾರ್ಕ್‌ರೂಮ್ ಎಂದರೆ ಹಿತ್ತಲ ಕಡೆಯ ಹಳೆಯ ಬಚ್ಚಲು. ಕಿಟಕಿಗೆ ಹಲಗೆ, ಅದರ ಮೇಲೆ ಎರಡು ಪದರ ಕಪ್ಪು ಬಟ್ಟೆ, ಬಾಗಿಲಿಗೆ ತೆಳು ಪ್ಲೈವುಡ್. ಕಲ್ಲಿನ ಕಟ್ಟೆಯ ಮೇಲೆ ಮೂರು ಟ್ರೇ: ಒಂದರಲ್ಲಿ ಚಿತ್ರ ಮೂಡಿಸುವ ಡೆವಲಪರ್, ಒಂದರಲ್ಲಿ ನೀರು, ಇನ್ನೊಂದರಲ್ಲಿ ಮೂಡಿದ್ದನ್ನು ನಿಲ್ಲಿಸುವ ಹೈಪೋ. ಹೊರಗೆ ಮಧ್ಯಾಹ್ನದ ಹನ್ನೆರಡರ ಬಿಸಿಲು. ಬಾಗಿಲು ಮುಚ್ಚಿ ಚಿಲಕ ಹಾಕಿದ್ದೇ ತಡ, ತನ್ನ ಕೈ ತನಗೆ ಕಾಣದಂಥ ಕತ್ತಲೆ. ಹೈಪೋದ ಹುಳಿ ವಾಸನೆ ಮೂಗಿನಲ್ಲಿ ನಿಂತಿತು. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ರೋಲಿನ ಕಾಗದ ಬಿಚ್ಚಿ ಫಿಲ್ಮನ್ನು ಬೇರ್ಪಡಿಸಿದಳು. ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ನಡುವೆ ಜೋತ ಭಾಗವನ್ನು ಡೆವಲಪರಿನೊಳಗೆ ಇಳಿಸಿದಳು. ಬಲಗೈ ಮೇಲೆ, ಎಡಗೈ ಕೆಳಗೆ. ಎಡಗೈ ಮೇಲೆ, ಬಲಗೈ ಕೆಳಗೆ. ಹೀಗೆ ಎಂಟು ನಿಮಿಷ ಎಳೆದಾಡಿಸಬೇಕು. ಬಾಯಲ್ಲೇ ಎಣಿಸತೊಡಗಿದಳು. ಒಂದು, ಎರಡು, ಮೂರು. ನೂರಾದಾಗ ಕೈ ಪಳಗಿತು. ಇನ್ನೂರಾದಾಗ ಉಸಿರು ಸರಿಯಾಯಿತು. ಇಷ್ಟೇ ತಾನೇ ಎಂದುಕೊಂಡಳು.

ಮುನ್ನೂರಾದಾಗ ನಲ್ಲಿಯ ಸದ್ದು ನಿಂತಿತು.

ಸುಟ್ಟ ಕೂದಲಿನ ವಾಸನೆ ಬಂತು. ಮೊದಲು ತೆಳ್ಳಗೆ, ಆಮೇಲೆ ಹೈಪೋದ ವಾಸನೆಯನ್ನೂ ಮುಚ್ಚುವಷ್ಟು. ಫಿಲ್ಮ್ ಭಾರವಾಯಿತು. ಟ್ರೇಯೊಳಗಿನಿಂದ ಯಾರೋ ಮೆಲ್ಲಗೆ ಕೆಳಕ್ಕೆ ಜಗ್ಗಿದಂತೆ. ಬಿಡಬಾರದು. ಬಿಗಿಯಾಗಿ ಹಿಡಿದಳು. ಬೆರಳ ನಡುವೆ ಇದ್ದದ್ದು ಜಾರತೊಡಗಿತು. ಅದು ಫಿಲ್ಮ್ ಆಗಿರಲಿಲ್ಲ. ಒದ್ದೆ ಕೂದಲು. ಉದ್ದದ, ತಣ್ಣನೆಯ ಕೂದಲು. ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಿತ್ತು. ಮೊಣಕೈಯವರೆಗೆ ಬಂತು.

ಎದುರಿಗೆ ಉಸಿರಾಟ ಕೇಳಿಸಿತು. ಕಟ್ಟೆಯ ಆಚೆ ಗೋಡೆಯಿದೆ, ಜಾಗವಿಲ್ಲ. ಆದರೂ ಉಸಿರು ಅಲ್ಲಿಂದಲೇ ಬರುತ್ತಿತ್ತು. ಎಣಿಕೆ ತಪ್ಪಿತು.

ಎರಡು ಬೆರಳುಗಳು ಅವಳ ರೆಪ್ಪೆಯ ಮೇಲೆ ಕೂತವು. ಒಂದೊಂದು ಕಣ್ಣಿಗೆ ಒಂದೊಂದು. ಒದ್ದೆಯಾಗಿದ್ದವು. ಒತ್ತಲಿಲ್ಲ. ಸುಮ್ಮನೆ ಕೂತವು.

"ಯಾರು ತೊಳೆಯುವುದು?"

ಹೆಂಗಸಿನ ಸ್ವರ. ಸಿಟ್ಟಿಲ್ಲ. ದಣಿದ ಸ್ವರ.

ಹೇಳಬೇಕು. ನಾನು, ಫರ್ಹಾನ. ಎರಡೇ ಮಾತು. ಬಾಯಿ ತೆರೆದಳು. ಬೆರಳುಗಳು ಒಂದಿಷ್ಟು ಒತ್ತಿದವು. ಕಣ್ಣಿನ ಒಳಗೆ ಕೆಂಪು ಎದ್ದಿತು. ನೋವಾಯಿತು. ಇನ್ನೂ ಒತ್ತಿದವು. ಕೆಂಪು ಕಪ್ಪಾಗತೊಡಗಿತು. ಇನ್ನು ಮುಂದೆ ಇದೇ. ಬೆಳಿಗ್ಗೆಯೂ ಇದೇ. ಸಾಯುವವರೆಗೂ ಇದೇ. ಗೋಡೆ ಹಿಡಿದು ನಡೆಯಬೇಕು.

"ಯಾರು?"

"ಬ್ರಾಹ್ಮಿ," ಎಂದಳು ಫರ್ಹಾನ.

ಜೋರಾಗಿಯೇ ಹೇಳಿದಳು. ಬೆರಳುಗಳು ಆ ಕ್ಷಣವೇ ಹೋದವು. ಕೂದಲು ಕೈಯಿಂದ ಬಿಚ್ಚಿಕೊಂಡಿತು. ನಲ್ಲಿ ಮತ್ತೆ ತೊಟ್ಟಿಕ್ಕಿತು. ಅವಳು ಕಟ್ಟೆಗೆ ಹಣೆ ಒತ್ತಿ, ತಾನು ಏನು ಹೇಳಿದೆ ಎಂಬುದು ತನಗೆ ಅರ್ಥವಾಗುವವರೆಗೆ ಹಾಗೆಯೇ ನಿಂತಳು. ಆಮೇಲೆ ನನ್ನ ಹೆಸರು, ನನ್ನದು, ಫರ್ಹಾನ, ಫರ್ಹಾನ ಎಂದು ಕತ್ತಲೆಗೆ ಎಷ್ಟೋ ಸಲ ಹೇಳಿದಳು. ಕೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಬಾಗಿಲು ತೆರೆದಾಗ ಬಿಸಿಲು ಮುಖಕ್ಕೆ ಹೊಡೆಯಿತು. ಎಲ್ಲವೂ ಕಾಣುತ್ತಿತ್ತು. ಬಾವಿಯ ಹಗ್ಗ, ಒಣಗಲು ಹಾಕಿದ ಸೀರೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ ಬ್ರಾಹ್ಮಿ. ಕೈಯಲ್ಲಿದ್ದ ಫಿಲ್ಮ್ ಪೂರ್ತಿ ಖಾಲಿ, ಒಂದು ಚೌಕವೂ ಮೂಡಿರಲಿಲ್ಲ. ಬ್ರಾಹ್ಮಿ ಮುಖವನ್ನು ಸದ್ದು ಬಂದ ಕಡೆಗೆ ತಿರುಗಿಸಿದಳು. ಕಣ್ಣು ತೆರೆದೇ ಇದ್ದವು, ಫರ್ಹಾನಳ ಭುಜದ ಆಚೆ ಎಲ್ಲೋ ನಿಂತಿದ್ದವು.

"ಬಾಗಿಲು ತೆಗೆದ್ಯಾ?" ಎಂದು ಕೇಳಿದಳು.

"ಹ್ಞೂಂ."

"ಬಿಸಿಲು ಉಂಟಾ?"

ಫರ್ಹಾನ ಅಲ್ಲೇ ನೆಲದ ಮೇಲೆ ಕುಸಿದಳು. ಅವಳ ಪಾದ ಹಿಡಿಯಲು ಹೋದಳು. ಬ್ರಾಹ್ಮಿ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಪ್ಲೈವುಡ್ ತೆಳು ಫರ್ಹಾನ. ನೀನು ಹೇಳಿದ್ದು ಕೇಳಿತು," ಎಂದಳು. ಅಳುತ್ತಿರಲಿಲ್ಲ. "ಅಮ್ಮನಿಗೆ ನಾನು ಹೇಳುವುದಿಲ್ಲ. ನೀನು ಪ್ರಯತ್ನ ಮಾಡಿದಿ, ಆಗ್ಲಿಲ್ಲ ಅಂತ ಹೇಳ್ತೇನೆ. ಅವರು ನಿನ್ನನ್ನು ಮಗಳ ಹಾಗೆ ನೋಡ್ತಾರೆ. ಎರಡೆರಡು ದುಃಖ ಅವರಿಗೆ ಬೇಡ. ಅವರು ಬರುವ ಮೊದಲು ಹೋಗು."

"ಬ್ರಾಹ್ಮಿ, ನಾನು ಮತ್ತೊಂದು ರೋಲ್ ತರ್ತೇನೆ. ಇನ್ನೊಂದು ಸಲ ಒಳಗೆ ಹೋಗ್ತೇನೆ."

"ಹೋಗುವುದಿಲ್ಲ ನೀನು," ಎಂದಳು ಬ್ರಾಹ್ಮಿ.

ಫರ್ಹಾನ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ರಸ್ತೆಗೆ ಸೇರುವ ಓಣಿಯ ಅರ್ಧಕ್ಕೆ ಬರುವಾಗ ಪ್ರಭಾವತಿ ಅಮ್ಮ ಎದುರಾದರು. ಬಿರುಸಾಗಿ ನಡೆದು ಬಂದು ಮುಖವೆಲ್ಲ ಬೆವತಿತ್ತು. ಏನನ್ನೂ ಕೇಳದೆ ಇವಳ ಗಲ್ಲ ಹಿಡಿದು ಮುಖ ಎತ್ತಿದರು, ಕಣ್ಣಿನೊಳಗೆ ಬಗ್ಗಿ ನೋಡಿದರು.

"ಕಾಣ್ತದಾ ಮಗಾ ನಿಂಗೆ?"

"ಕಾಣ್ತದೆ ಅಮ್ಮ."

"ಎರಡೂ ಕಣ್ಣು?"

"ಎರಡೂ."

ಪ್ರಭಾವತಿ ಅಮ್ಮನ ಮುಖ ಅರಳಿತು. ನಿನ್ನದೇ ಉಳಿದಿದೆ ಅಂದ್ರೆ ನನ್ನ ಮಗಳದ್ದನ್ನು ಬಿಟ್ಟೇ ಬಿಟ್ಟಿರ್ತಾಳೆ, ನಿನ್ನನ್ನು ಹೆತ್ತವರ ಹೊಟ್ಟೆ ತಣ್ಣಗಿರಲಿ ಎಂದು ಇವಳ ಕೆನ್ನೆ ಸವರಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗಳ ಹೆಸರನ್ನು ಕೂಗಿ ಕರೆಯುತ್ತ ಮನೆಯ ಕಡೆಗೆ ಬೇಗ ಬೇಗ ಹೆಜ್ಜೆ ಹಾಕಿದರು. ಅವರು ಗೇಟು ದೂಡಿ ಒಳಗೆ ಹೋಗುವುದನ್ನು ಫರ್ಹಾನ ಓಣಿಯಲ್ಲೇ ನಿಂತು ನೋಡಿದಳು.